ಕಾಡುಸೋಂಪು: ಹೆಸರು, ಗುರುತು, ನೆಲೆ

ಊಟವಾದ ಮೇಲೆ ಎಲೆಯಡಿಕೆಯ ಜೊತೆಗೆ ಬರುವ ಸೋಂಪಿನ ಕಾಳನ್ನು ಅರಿಯದವರು ನಮ್ಮಲ್ಲಿ ಇಲ್ಲ. ಆ ಕಾಳನ್ನು ಬಿಡುವ ಗಿಡವನ್ನು ಕಂಡವರು ಮಾತ್ರ ಕಡಿಮೆ. ನಾವು ಅದಕ್ಕೆ ಇಟ್ಟುಕೊಂಡಿರುವ ಹೆಸರುಗಳೇ ಇದಕ್ಕೆ ಸಾಕ್ಷಿ. ಸೊಲ್ಲಾಪುರ, ಅಕ್ಕಲಕೋಟೆಗಳ ಪೇಟೆಯಲ್ಲಿ ಅದು ಬಡೀಶೇಪ, ಎಂದರೆ ದೊಡ್ಡ ಶೇಪು. ಶೇಪು ಎಂದರೆ ನಮ್ಮ ಮನೆಗಳ ಸಬ್ಬಸಗಿ. ತಾಳವಾಡಿ, ಹೊಸೂರುಗಳ ಕನ್ನಡಿಗರು ತಮಿಳಿನಲ್ಲಿಯೂ ಕಾಸರಗೋಡಿನವರು ಮಲಯಾಳದಲ್ಲಿಯೂ ಕೇಳುವ ಹೆಸರು ಪೆರುಂಜೀರಗಂ. ಆದೋನಿ, ರಾಯದುರ್ಗದ ಕಡೆಯ ತೆಲುಗಿನಲ್ಲಿ ಪೆದ್ದ ಜೀಲಕರ್ರ. ಕನ್ನಡದಲ್ಲಿಯೂ ದೊಡ್ಡ ಜೀರಿಗೆ ಎನ್ನುವವರಿದ್ದಾರೆ. ಭಾಷೆಗಳು ಬೇರೆಯಾದರೂ ಹೆಸರಿಡುವ ಬಗೆ ಒಂದೇ: ಮೊದಲೇ ಗೊತ್ತಿದ್ದ ಒಂದು ಕಾಳಿನ ಪಕ್ಕದಲ್ಲಿ ಇದನ್ನು ಇಟ್ಟು, ಅದಕ್ಕಿಂತ ಇದು ದೊಡ್ಡದು ಎಂದು ಹೇಳುವುದು. ಇವು ಅಂಗಡಿಯ ಚೀಲದಲ್ಲಿ ಬೀಜವನ್ನು ಕಂಡವರು ಇಟ್ಟ ಹೆಸರುಗಳು; ಹೊಲದ ಬದುವಿನಲ್ಲಿ ಗಿಡವನ್ನು ಕಂಡವರು ಇಟ್ಟವಲ್ಲ.

ಸೋಂಪು ಎಂಬ ಮಾತಿನ ಕಥೆಯೂ ಇಂಥದ್ದೇ. ಹಿಂದಿಯ ಸೌಂಫ್ ಎಂಬುದರ ಮೂಲವನ್ನು ವಿದ್ವಾಂಸರು ಸಂಸ್ಕೃತದ ಶತಪುಷ್ಪಾ ಎಂಬ ಪದದಲ್ಲಿ ಕಾಣುತ್ತಾರೆ. ನೂರು ಹೂವಿನದು ಎಂಬುದು ಗಿಡವನ್ನು ಕಂಡು ಇಟ್ಟ ಸೊಗಸಾದ ಹೆಸರೇ ಹೌದು. ಆದರೆ ವೈದ್ಯಗ್ರಂಥಗಳ ಬಳಕೆಯಲ್ಲಿ ಶತಪುಷ್ಪಾ ಎಂದರೆ ಹೆಚ್ಚಾಗಿ ಸಬ್ಬಸಿಗೆ. ಸೋಂಪಿಗೆ ಮಿಶ್ರೇಯಾ, ಮಧುರಿಕಾ ಎಂಬ ಬೇರೆ ಹೆಸರುಗಳಿವೆ. ಒಂದರ ಹೆಸರು ಇನ್ನೊಂದಕ್ಕೆ ಅಂಟಿಕೊಂಡು, ಕಾಳಿನೊಡನೆ ಪೇಟೆಯಿಂದ ಪೇಟೆಗೆ ಸಾಗಿ ಬಂದಿದೆ.

ಈ ಗೊಂದಲಕ್ಕಾಗಿ ನಮ್ಮ ವ್ಯಾಪಾರಿಗಳು ನಾಚಬೇಕಾದ ಕಾರಣವಿಲ್ಲ. ಸಸ್ಯಗಳಿಗೆ ಶಾಸ್ತ್ರೀಯ ನಾಮಕರಣ ಮಾಡಿದ ಸ್ವೀಡನ್ನಿನ ಲಿನಿಯಸನು 1753ರ ತನ್ನ ಮಹಾಗ್ರಂಥದಲ್ಲಿ ಸೋಂಪನ್ನೂ ಸಬ್ಬಸಿಗೆಯನ್ನೂ ಅನೇತಮ್ ಎಂಬ ಒಂದೇ ಕುಲದಲ್ಲಿ ಇರಿಸಿದ. ಅನೇತಮ್ ಎಂದರೆ ಸಬ್ಬಸಿಗೆಯ ಹೆಸರೇ. ಹದಿನೈದು ವರ್ಷಗಳ ಮೇಲೆ, 1768ರಲ್ಲಿ, ಲಂಡನ್ನಿನ ತೋಟಗಾರ ಫಿಲಿಪ್ ಮಿಲ್ಲರನು ಅವೆರಡನ್ನು ಬೇರ್ಪಡಿಸಿ, ಸೋಂಪಿಗೆ ಇಂದಿಗೂ ನಿಂತಿರುವ ಫೀನಿಕ್ಯುಲಮ್ ವಲ್ಗೇರ್ ಎಂಬ ಹೆಸರನ್ನು ಕೊಟ್ಟ. ಲಿನಿಯಸನ ಲೆಕ್ಕವನ್ನು ನೋಡಿದರೆ ಬಡೀಶೇಪ ಎನ್ನುವ ಸೊಲ್ಲಾಪುರದ ಕಿರಾಣಿಯವರ ಮಾತು ತೀರ ತಪ್ಪಲ್ಲ. ಎರಡೂ ಹತ್ತಿರದ ದಾಯಾದಿಗಳು.

ಇನ್ನು ಗಿಡದ ತವರಿಗೆ ಹೋಗೋಣ. ಸೋಂಪು ತಾನಾಗಿ ಹುಟ್ಟಿ ಬೆಳೆಯುವ ನಾಡು ಭೂಮಧ್ಯ ಸಮುದ್ರದ ಸುತ್ತಲಿನ ಕರಾವಳಿ. ಅಲ್ಲಿಯವರು ಅದನ್ನು ಬೇರೊಂದು ಕಾಳಿಗೆ ಹೋಲಿಸಲಿಲ್ಲ. ಅದು ಬೆಳೆದ ನೆಲವನ್ನೇ ಅದರ ಹೆಸರಿನಿಂದ ಕರೆದರು. ಗ್ರೀಕ್ ಭಾಷೆಯಲ್ಲಿ ಸೋಂಪಿಗೆ ಮಾರಥಾನ್ ಎನ್ನುತ್ತಾರೆ. ಅಥೆನ್ಸಿನ ಈಶಾನ್ಯಕ್ಕೆ ಕಡಲ ದಂಡೆಯಲ್ಲಿರುವ ಬಯಲಿಗೆ ಆ ಹೆಸರು ಬಂದುದು ಅಲ್ಲಿ ಸೊಂಪಾಗಿ ಬೆಳೆಯುತ್ತಿದ್ದ ಈ ಗಿಡದಿಂದ. ಕ್ರಿ.ಪೂ. 490ರಲ್ಲಿ ಆ ಬಯಲಿನಲ್ಲಿ ಅಥೆನ್ಸಿನ ಪಡೆ ಪಾರಸಿಕರ ಸೈನ್ಯವನ್ನು ಹಿಮ್ಮೆಟ್ಟಿಸಿತು. ಗೆಲುವಿನ ಸುದ್ದಿಯನ್ನು ಹೊತ್ತು ಓಡಿದವನ ಕಥೆ ಮುಂದೆ ಬೆಳೆಯಿತು. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಆ ಕಥೆಯೇ ಒಂದು ಓಟವಾಯಿತು. ಇಂದು ಮುಂಬಯಿಯಲ್ಲಿಯೂ ಬೆಂಗಳೂರಿನಲ್ಲಿಯೂ ಮ್ಯಾರಥಾನ್ ಓಡುವ ಸಾವಿರಾರು ಜನ ತಮಗರಿವಿಲ್ಲದೆ ಸೋಂಪಿನ ಹೆಸರನ್ನು ಎದೆಯ ಮೇಲೆ ಅಂಟಿಸಿಕೊಂಡು ಓಡುತ್ತಾರೆ.

ಈ ಹೆಸರು ಯುದ್ಧಕ್ಕಿಂತ ಬಹಳ ಹಳೆಯದು. ಮೈಸೀನಿಯ ಅರಮನೆಯ ಹೊರಗಿನ ಮನೆಗಳ ಅವಶೇಷಗಳಲ್ಲಿ ಕ್ರಿ.ಪೂ. 13ನೆಯ ಶತಮಾನದ ಮಣ್ಣಿನ ಫಲಕಗಳು ದೊರೆತಿವೆ. ಲೀನಿಯರ್ ಬಿ ಎಂದು ಕರೆಯಲಾಗುವ ಅವುಗಳ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಓದಿದಾಗ ಗ್ರೀಕ್ ಭಾಷೆಯ ಅತ್ಯಂತ ಹಳೆಯ ಬರಹವೇ ಕೈಗೆ ಬಂತು. ಅದರಲ್ಲಿ ಕಾವ್ಯವಿರಲಿಲ್ಲ, ದಾಸ್ತಾನಿನ ಲೆಕ್ಕವಿತ್ತು. ಕೊತ್ತಂಬರಿ, ಜೀರಿಗೆ, ಎಳ್ಳು, ಪುದೀನಗಳ ಸಾಲಿನಲ್ಲಿ ‘ಮ-ರ-ತು-ವೊ’ ಎಂದು ಸೋಂಪೂ ಇದೆ. ಮೂರು ಸಾವಿರ ವರ್ಷಗಳಿಗೂ ಹಿಂದಿನ ಒಬ್ಬ ಉಗ್ರಾಣಿಯ ಪಟ್ಟಿ ನಮ್ಮ ಮನೆಯ ತಿಂಗಳ ಸಾಮಾನಿನ ಚೀಟಿಯಂತೆ ಕಾಣುವುದು ನನಗಂತೂ ಯಾವ ವೀರಗಾಥೆಗಿಂತಲೂ ಹೆಚ್ಚು ಸಂತೋಷದ ಸಂಗತಿ.

ಭೂಗೋಳಕಾರ ಸ್ಟ್ರೇಬೋ ಸ್ಪೇನಿನ ಕರಾವಳಿಯ ಹೆದ್ದಾರಿಯನ್ನು ವರ್ಣಿಸುವಾಗ, ಸೋಂಪು ಹೇರಳವಾಗಿ ಬೆಳೆಯುವುದರಿಂದಲೇ ಸೋಂಪಿನ ಬಯಲು ಎಂದು ಕರೆಸಿಕೊಂಡ ಇನ್ನೊಂದು ನೆಲವನ್ನು ಹೇಳುತ್ತಾನೆ. ಲ್ಯಾಟಿನ್ನಿನಲ್ಲಿ ಗಿಡದ ಹೆಸರು ಫೀನಿಕ್ಯುಲಮ್. ಮೇವಿನ ಒಣಹುಲ್ಲು ಎಂಬರ್ಥದ ಪದದಿಂದ ಹುಟ್ಟಿದ್ದು. ಅದರಿಂದಲೇ ಇಟಲಿಯ ಫಿನೋಕ್ಕಿಯೋ, ಸ್ಪೇನಿನ ಇನೋಹೋ, ಇಂಗ್ಲಿಷಿನ ಫೆನೆಲ್, ಪೋರ್ಚುಗೀಸಿನ ಫುಂಶೋ. ಈ ಕೊನೆಯ ಮಾತು ಒಂದು ನಗರವನ್ನೇ ಕೊಟ್ಟಿದೆ. 15ನೆಯ ಶತಮಾನದ ಮೊದಲ ಭಾಗದಲ್ಲಿ ಜುವಾವ್ ಗೊನ್ಸಾಲ್ವೆಸ್ ಜಾರ್ಕೋ ಮೊದಲಾದ ಪೋರ್ಚುಗೀಸ್ ನಾವಿಕರು ಅಟ್ಲಾಂಟಿಕ್ ಸಾಗರದ ಮಡೈರಾ ದ್ವೀಪದಲ್ಲಿ ನೆಲಸಲು ಇಳಿದಾಗ, ದಕ್ಷಿಣದ ಕೊಲ್ಲಿಯ ಸುತ್ತ ಕಾಡುಸೋಂಪು ದಟ್ಟವಾಗಿ ನಿಂತಿತ್ತು. ಅಲ್ಲಿ ಎದ್ದ ಊರು ಫುಂಶಾಲ್, ಸೋಂಪಿನ ತಾಣ. 1508ರಲ್ಲಿ ಅದಕ್ಕೆ ನಗರದ ಪದವಿ ದೊರೆಯಿತು. ಇಂದಿಗೂ ಅಲ್ಲಿ ಸೋಂಪಿನ ಸಕ್ಕರೆ ಗುಳಿಗೆಗಳನ್ನು ಮಾರುತ್ತಾರೆ. ಆಲದಿಂದ, ಹುಣಸೆಯಿಂದ, ಮುತ್ತುಗದಿಂದ ಊರಿನ ಹೆಸರು ಪಡೆದ ನಮಗೆ ಈ ರೀತಿ ಹೊಸದಲ್ಲ. ಸೋಂಪಿನಿಂದ ಹೆಸರು ಪಡೆದ ಊರು ಮಾತ್ರ ನಾನು ಕಂಡಂತೆ ನಮ್ಮ ಸೀಮೆಯಲ್ಲಿಲ್ಲ, ಏಕೆಂದರೆ ಸೋಂಪು ನಮ್ಮ ನೆಲದಲ್ಲಿ ತಾನಾಗಿ ಹುಟ್ಟಿದ ಗಿಡವಲ್ಲ.

ಗಿಡವನ್ನು ಗುರುತಿಸುವುದು ಹೇಗೆ? ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಭೂಮಧ್ಯ ಸಮುದ್ರದ ನಾಡುಗಳಲ್ಲಿ ಇದು ಪ್ರಾಣದ ಪ್ರಶ್ನೆ. ಅಲ್ಲಿಯ ಹಳ್ಳಿಗರು ವಸಂತದಲ್ಲಿ ಬೇಲಿಸಾಲಿನಿಂದ ಎಳೆಯ ಸೋಂಪನ್ನು ಕಿತ್ತು ತರುತ್ತಾರೆ. ಸಿಸಿಲಿ ದ್ವೀಪದ ಹೆಸರಾಂತ ಬೂತಾಯಿ ಮೀನಿನ ಶಾವಿಗೆ ಕಾಡುಸೋಂಪಿನ ಸೊಪ್ಪಿಲ್ಲದೆ ಆಗುವುದೇ ಇಲ್ಲ. ಆದರೆ ಅದೇ ಬೇಲಿಸಾಲಿನಲ್ಲಿ, ಅದೇ ವಂಶದ ಬೇರೆ ಗಿಡಗಳೂ ಅದೇ ಎತ್ತರಕ್ಕೆ ನಿಂತಿರುತ್ತವೆ.

ಕೊತ್ತಂಬರಿ, ಜೀರಿಗೆ, ಓಮ, ಗಜ್ಜರಿ, ಸಬ್ಬಸಿಗೆಗಳ ವಂಶವೇ ಸೋಂಪಿನದೂ. ಈ ವಂಶದ ಹೂಗೊಂಚಲು ಬಿಡಿಸಿದ ಕೊಡೆಯಂತೆ: ಒಂದೇ ಬಿಂದುವಿನಿಂದ ಕಡ್ಡಿಗಳು ಹೊರಟು, ಪ್ರತಿ ಕಡ್ಡಿಯ ತುದಿಯಲ್ಲಿ ಮತ್ತೊಂದು ಚಿಕ್ಕ ಕೊಡೆ ಅರಳುತ್ತದೆ. ಸೋಂಪಿನ ಕೊಡೆ ಹಳದಿ. ಕೊಡೆಯ ಬುಡದಲ್ಲಿ ಸಾಮಾನ್ಯವಾಗಿ ಇರಬೇಕಾದ ಪುಟ್ಟ ಎಲೆಗಳು ಇದಕ್ಕೆ ಇಲ್ಲ. ಕಾಂಡ ಆಳೆತ್ತರ, ಕೆಲವೊಮ್ಮೆ ಅದಕ್ಕೂ ಮೇಲೆ. ನುಣುಪಾಗಿ, ಸಣ್ಣ ಗೆರೆಗಳಿಂದ ಕೂಡಿ, ತೆಳುವಾಗಿ ವಿಭೂತಿ ಬಳಿದಂತೆ ನೀಲಿ ಹಸಿರು. ಎಲೆಯನ್ನು ಎಲೆ ಎನ್ನುವುದೇ ಕಷ್ಟ. ಸೀಳಿ ಸೀಳಿ ದಾರದ ಎಳೆಗಳಾಗಿವೆ. ಎಲೆಯ ತೊಟ್ಟಿನ ಬುಡ ಅಡಿಕೆಯ ಹಾಳೆಯಂತೆ ಕಾಂಡವನ್ನು ಸುತ್ತಿ ಹಿಡಿದಿರುತ್ತದೆ. ಬೇರು ಆಳಕ್ಕೆ ಇಳಿದು ವರ್ಷದಿಂದ ವರ್ಷಕ್ಕೆ ಉಳಿಯುವುದರಿಂದ, ಕಳೆದ ವರ್ಷದ ಒಣ ಕಡ್ಡಿಗಳು ಹೊಸ ಚಿಗುರಿನ ನಡುವೆ ನಿಂತೇ ಇರುತ್ತವೆ. ಹೂವಿಲ್ಲದ ಕಾಲದಲ್ಲಿ ಗಿಡವನ್ನು ದೂರದಿಂದ ಗುರುತಿಸಲು ಈ ಒಣ ಕಡ್ಡಿಗಳೇ ದಾರಿ.

ಸಬ್ಬಸಿಗೆಯ ಹೂವೂ ಹಳದಿ, ಎಲೆಯೂ ದಾರ. ಆದರೆ ಅದು ಒಂದೇ ವರ್ಷದ ಗಿಡ, ಅಷ್ಟು ಎತ್ತರವೂ ಇಲ್ಲ. ಸೋಂಪಿನ ಕಾಳು ದುಂಡಾಗಿ ಏಣುಗಳಿಂದ ಕೂಡಿದ್ದರೆ ಸಬ್ಬಸಿಗೆಯದು ಚಪ್ಪಟೆ, ಅಂಚಿನಲ್ಲಿ ತೆಳುವಾದ ರೆಕ್ಕೆ. ಎಲ್ಲಕ್ಕಿಂತ ಮೇಲಾದ ಸಾಕ್ಷಿ ವಾಸನೆ. ಎಲೆಯನ್ನು ಬೆರಳಲ್ಲಿ ಹಿಸುಕಿದರೆ ಸೋಂಪು ಸೋಂಪಿನ ವಾಸನೆಯನ್ನೇ ಕೊಡುತ್ತದೆ. ಅನೆಥೋಲ್ ಎಂಬ ಎಣ್ಣೆಯ ಅಂಶ ಅದಕ್ಕೆ ಕಾರಣ. ಕಾಡಿನ ತಳಿಯಲ್ಲಿ ಫೆಂಕೋನ್ ಎಂಬ ಇನ್ನೊಂದು ಅಂಶ ಹೆಚ್ಚಾಗಿದ್ದು, ಸಿಹಿಯ ಹಿಂದೆಯೇ ಕಹಿಯೂ ಕರ್ಪೂರದ ಘಾಟೂ ಬರುತ್ತವೆ. ಪೇಟೆಯ ಸಿಹಿ ಸೋಂಪಿಗೆ ಒಗ್ಗಿದ ನಾಲಗೆಗೆ ಅದು ಮೊದಲು ಹಿಡಿಸಲಿಕ್ಕಿಲ್ಲ.

ಎರಡನೆಯ ಸೋದರ ದೈತ್ಯ ಸೋಂಪು. ಹೆಸರು ಹಾಗಿದ್ದರೂ ಅದು ಸೋಂಪಲ್ಲ. ಫೆರುಲಾ ಎಂಬ ಬೇರೆ ಕುಲ, ನಮ್ಮ ಒಗ್ಗರಣೆಯ ಇಂಗನ್ನು ಕೊಡುವ ಇರಾನ್, ಅಫಘಾನಿಸ್ತಾನಗಳ ಗಿಡದ ಕುಲ. ಅದಕ್ಕೂ ಹಳದಿ ಹೂ, ದಾರದಂಥ ಎಲೆ. ಸೋಂಪಿನ ವಾಸನೆ ಮಾತ್ರ ಇಲ್ಲ. ಸಾರ್ಡೀನಿಯ ದ್ವೀಪದಲ್ಲಿ ಅದನ್ನು ಮೇಯ್ದ ಕುರಿ ದನಗಳು ರಕ್ತಸ್ರಾವದಿಂದ ಸಾಯುವುದುಂಟು. ಪ್ರೊಮಿಥಿಯಸನು ದೇವತೆಗಳ ಬೆಂಕಿಯನ್ನು ಕದ್ದು ಮಾನವರಿಗೆ ತಂದುದು ಸೋಂಪಿನ ದಂಟಿನಲ್ಲಿ ಎಂದು ಅನುವಾದಗಳಲ್ಲಿ ಓದುತ್ತೇವೆ. ಹೆಸಿಯಡ್ ಕವಿ ಹೇಳುವ ನಾರ್ಥೆಕ್ಸ್ ಈ ದೈತ್ಯ ಗಿಡವೇ. ಅದರ ದಂಟಿನ ಒಳತಿರುಳು ಹೊರಗೆ ತೋರದಂತೆ ಮೆಲ್ಲನೆ ಉರಿಯುತ್ತದೆ. ಆದ್ದರಿಂದ ಕೆಂಡವನ್ನು ಊರಿಂದೂರಿಗೆ ಒಯ್ಯಲು ಅದು ತಕ್ಕ ಪಾತ್ರೆಯಾಗಿತ್ತು. ಪುರಾಣಕಾರನಿಗೆ ಸಸ್ಯಶಾಸ್ತ್ರ ಸರಿಯಾಗಿಯೇ ಗೊತ್ತಿತ್ತು, ತಪ್ಪು ಅನುವಾದಕರದು.

ಮೂರನೆಯದು ಕೊಲ್ಲುವ ಗಿಡ, ಹೆಮ್ಲಾಕ್. ಶಾಸ್ತ್ರೀಯವಾಗಿ ಕೋನಿಯಮ್ ಮ್ಯಾಕ್ಯುಲೇಟಮ್. ಕ್ರಿ.ಪೂ. 399ರಲ್ಲಿ ಸಾಕ್ರೆಟಿಸನಿಗೆ ಅಥೆನ್ಸ್ ಕುಡಿಸಿದ ವಿಷ ಇದರದು. ಪ್ಲೇಟೋ ಅದನ್ನು ವರ್ಣಿಸುವ ರೀತಿ ಓದುಗರಿಗೆ ಪರಿಚಿತ: ಕಾಲು ಭಾರವಾಗುತ್ತದೆ, ಮರಗಟ್ಟುವಿಕೆ ಪಾದದಿಂದ ಮೇಲಕ್ಕೇರುತ್ತದೆ, ಬುದ್ಧಿ ಮಾತ್ರ ಕೊನೆಯವರೆಗೂ ತಿಳಿಯಾಗಿರುತ್ತದೆ. ಇಷ್ಟು ಶಾಂತವಾದ ಸಾವು ತತ್ತ್ವಜ್ಞಾನಿಯ ಶಿಷ್ಯ ಕಟ್ಟಿದ ಕಥೆಯಿರಬೇಕೆಂದು ಸಂಶಯಪಟ್ಟವರಿದ್ದರು. 1845ರಲ್ಲಿ ಎಡಿನ್‌ಬರೋ ನಗರದಲ್ಲಿ ಬಡ ದರ್ಜಿಯೊಬ್ಬನಿಗೆ ಅವನ ಮಕ್ಕಳು ಪಾರ್ಸ್ಲಿ ಸೊಪ್ಪೆಂದು ತಿಳಿದು ಕಿತ್ತು ತಂದುದನ್ನು ರೊಟ್ಟಿಯಲ್ಲಿಟ್ಟು ಕೊಟ್ಟರು. ಅವನು ತಿಂದು ಹೊರಟ. ದಾರಿಯಲ್ಲಿ ನಡಿಗೆ ತಪ್ಪಿತು. ಕಂಡವರು ಕುಡಿದಿದ್ದಾನೆಂದು ತಿಳಿದರು. ಕಾಲು ಸೋತು, ಕೈ ಸೋತು, ಕೆಲವೇ ಗಂಟೆಗಳಲ್ಲಿ ಉಸಿರು ನಿಂತಿತು. ತಿಳಿವು ಮಾತ್ರ ಕೊನೆಯವರೆಗೂ ಇತ್ತು. ಆ ಪ್ರಕರಣವನ್ನು ದಾಖಲಿಸಿದ ವೈದ್ಯ ಜಾನ್ ಹ್ಯೂಸ್ ಬೆನೆಟ್ಟನ ವರದಿ ಪ್ಲೇಟೋವಿನ ವರ್ಣನೆಗೆ ಹೆಜ್ಜೆ ಹೆಜ್ಜೆಗೂ ಹೊಂದುತ್ತದೆ. ಆ ಮಕ್ಕಳು ತಂದೆಗೆ ರುಚಿಯಾಗಲೆಂದು ಸೊಪ್ಪು ತಂದವರು. ಗಿಡದ ಗುರುತು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ದಾರುಣವಾದ ಸಾಕ್ಷಿಯನ್ನು ನಾನು ಓದಿಲ್ಲ.

ಹೆಮ್ಲಾಕಿನ ಗುರುತು ಹೀಗೆ. ಹೂವು ಬಿಳಿ. ಎಲೆ ಸೀಳಿದ್ದರೂ ದಾರವಾಗಿಲ್ಲ, ಗಜ್ಜರಿಯ ಎಲೆಯಂತೆ ಅಗಲ. ರೋಮವಿಲ್ಲದ ಕಾಂಡದ ಮೇಲೆ ನೇರಳೆಗೆಂಪು ಮಚ್ಚೆಗಳು. ಹಿಸುಕಿದರೆ ಇಲಿಯ ಬಿಲದ ದುರ್ನಾತ. ಹೂ ಬಿಟ್ಟಾಗ ಇವನ್ನು ಬೇರ್ಪಡಿಸುವುದು ಸುಲಭ. ಎರಡೂ ಮೊಣಕಾಲೆತ್ತರದ ಎಳೆ ಚಿಗುರಾಗಿ ಒಂದೇ ದಿಣ್ಣೆಯಲ್ಲಿ ಬೆರೆತಿರುವಾಗ ಕಷ್ಟ. ಆಗ ಮೂಗನ್ನೂ ನಂಬುವಂತಿಲ್ಲ. ಸೋಂಪನ್ನು ಮುಟ್ಟಿದ ಕೈಗೆ ಆಮೇಲೆ ಎಲ್ಲವೂ ಸೋಂಪಿನ ವಾಸನೆಯೇ. ಆದ್ದರಿಂದ ತಿಳಿದವರು ಬೆರೆತು ಬೆಳೆದ ಕಡೆ ಕೀಳುವುದೇ ಇಲ್ಲ.

ಇನ್ನು ನೆಲೆಯ ಮಾತು. ಕಾಡುಸೋಂಪು ಎಂದು ಹೆಸರಿದ್ದರೂ ಅದು ಕಾಡಿನ ಗಿಡವಲ್ಲ. ನೆರಳು ಅದಕ್ಕೆ ಒಗ್ಗದು. ಬಿಸಿಲು, ಸುಣ್ಣ ಬೆರೆತ ಒಣ ಮಣ್ಣು, ಕಡಲ ಗಾಳಿ ಇವು ಅದಕ್ಕೆ ಬೇಕು. ಅದಕ್ಕಿಂತ ಹೆಚ್ಚಾಗಿ, ಯಾರೋ ಕೆದಕಿ ಬಿಟ್ಟ ನೆಲ ಬೇಕು. ರಸ್ತೆಯ ಏರಿ, ರೈಲು ಹಳಿಯ ಬದಿ, ಕುಸಿದ ಕಲ್ಲುಗೋಡೆ, ಪಾಳು ಬಿದ್ದ ದ್ರಾಕ್ಷಿ ತೋಟ, ಹೊಲದ ಬದು. ಊರಿನ ಒಳಗೂ ಅಲ್ಲ, ಹೊರಗೂ ಅಲ್ಲ, ಅಂಚಿನಲ್ಲಿ. ಇದನ್ನು ಅರಿಯಲು ಅದರ ದೂರದ ಬಂಧು ಸಿಲ್ಫಿಯಮ್ಮಿನ ಕಥೆ ನೆರವಾಗುತ್ತದೆ. ಇಂದಿನ ಲಿಬಿಯದ ಸೈರೀನಿ ನಗರದ ಸಂಪತ್ತೆಲ್ಲ ಆ ಗಿಡದ ರಸದಿಂದ ಬಂದದ್ದು. ನಾಣ್ಯದ ಮೇಲೆ ಅದನ್ನು ಅಚ್ಚು ಹಾಕಿಸಿಕೊಂಡಿದ್ದರು. ಅದು ಉತ್ತ ನೆಲವನ್ನು ಸಹಿಸದು, ನೇಗಿಲು ಬಂದಂತೆ ಹಿಂದೆ ಸರಿಯುತ್ತದೆ ಎಂದು ಥಿಯೋಫ್ರಾಸ್ಟಸ್ ಬರೆದಿದ್ದಾನೆ. ಕ್ರಿಸ್ತಶಕದ ಮೊದಲ ಶತಮಾನದ ಹೊತ್ತಿಗೆ ಒಂದೇ ಒಂದು ದಂಟು ಸಿಕ್ಕಿ ಅದನ್ನು ನೀರೋ ಚಕ್ರವರ್ತಿಗೆ ಕಳುಹಿಸಿದರೆಂದು ಪ್ಲಿನಿ ಹೇಳುತ್ತಾನೆ. ರೋಮನ್ನರು ಅದರ ಬದಲಿಗೆ ಪರ್ಷಿಯದ ಇಂಗನ್ನು ಬಳಸಿದರು. ಸಿಲ್ಫಿಯಮ್ ನೇಗಿಲಿನಿಂದ ಓಡಿತು, ಸೋಂಪು ನೇಗಿಲಿನ ಹಿಂದೆ ಹೋಯಿತು.

ಹಾಗೆ ಹೋದುದು ಎಲ್ಲೆಲ್ಲಿಗೆ! ಬ್ರಿಟನ್ನಿನ ಸಸ್ಯಶಾಸ್ತ್ರಜ್ಞರು ಅದನ್ನು 1500ಕ್ಕೂ ಮೊದಲೇ ಮಾನವರೊಡನೆ ಬಂದ ಹಳೆಯ ವಲಸೆಗಾರರ ಸಾಲಿನಲ್ಲಿ ಎಣಿಸುತ್ತಾರೆ. ಶಾರ್ಲಮೇನ್ ಚಕ್ರವರ್ತಿಯ ಕಾಲದ ರಾಜಾಜ್ಞೆಯೊಂದು ಅರಸೊತ್ತಿಗೆಯ ತೋಟಗಳಲ್ಲಿ ಬೆಳೆಸಬೇಕಾದ ಗಿಡಗಳಲ್ಲಿ ಸೋಂಪನ್ನೂ ಹೆಸರಿಸುತ್ತದೆ. ತೋಟದಿಂದ ಬೇಲಿಗೆ, ಬೇಲಿಯಿಂದ ದಾರಿಗೆ ಹಾರುವುದು ಅದಕ್ಕೆ ಕಷ್ಟವಾಗಲಿಲ್ಲ. ಬೀಗಲ್ ನೌಕೆಯ ಪ್ರವಾಸದಲ್ಲಿ ದಕ್ಷಿಣ ಅಮೆರಿಕೆಯನ್ನು ಸುತ್ತಿದ ಚಾರ್ಲ್ಸ್ ಡಾರ್ವಿನ್ನನು ಬ್ಯೂನಸ್ ಐರಿಸ್, ಮಾಂಟೆವಿಡಿಯೋ ಮೊದಲಾದ ಪಟ್ಟಣಗಳ ಸುತ್ತ ಕಾಲುವೆಯ ದಡಗಳನ್ನೆಲ್ಲ ಸೋಂಪು ಮುಚ್ಚಿರುವುದನ್ನು ಕಂಡು ಬರೆದಿಟ್ಟಿದ್ದಾನೆ. ಪಟ್ಟಣಗಳ ಸುತ್ತ ಎಂಬುದನ್ನು ಗಮನಿಸಬೇಕು.

ಕ್ಯಾಲಿಫೋರ್ನಿಯ ಕರಾವಳಿಯ ಸಾಂತಾ ಕ್ರೂಜ್ ದ್ವೀಪದಲ್ಲಿ ಇದರ ಕಥೆ ಒಂದು ವಿವಾದವೇ ಆಗಿದೆ. 19ನೆಯ ಶತಮಾನದ ದನಗಾಹಿಗಳ ಕಾಲದಲ್ಲಿ ಅಲ್ಲಿಗೆ ಬಂದ ಸೋಂಪನ್ನು ಕುರಿಗಳೂ ದನಗಳೂ ಮೇಯ್ದು ಹದ್ದಿನಲ್ಲಿ ಇಟ್ಟಿದ್ದವು. ದ್ವೀಪದ ಮೂಲ ಸಸ್ಯಗಳನ್ನು ಉಳಿಸಬೇಕೆಂದು 1980ರ ದಶಕದಲ್ಲಿ ಆ ಜಾನುವಾರುಗಳನ್ನು ತೆಗೆದರು. ಬಯಲಾದ ನೆಲವನ್ನು ಹಿಡಿದುದು ಮೂಲ ಸಸ್ಯಗಳಲ್ಲ, ಸೋಂಪು. ಆಳು ಮುಳುಗುವ ಪೊದೆಗಳಾಗಿ ಹಬ್ಬಿತು, ಕಾಡುಹಂದಿಗಳಿಗೆ ಅಡಗುದಾಣವಾಯಿತು. ಅದನ್ನು ಕಿತ್ತು ನೋಡಿದ ಕಡೆಗಳಲ್ಲಿ ಬಹುಪಾಲು ಬಂದದ್ದು ಹೊರಗಿನಿಂದಲೇ ಬಂದ ಬೇರೆ ಹುಲ್ಲುಗಳು. ಒಬ್ಬ ಪರಕೀಯನನ್ನು ಹೊರಹಾಕಿದ ಜಾಗದಲ್ಲಿ ಇನ್ನೊಬ್ಬ ಪರಕೀಯ ಕುಳಿತ.

ಅದೇ ಕ್ಯಾಲಿಫೋರ್ನಿಯದಲ್ಲಿ ಸೋಂಪಿನ ವಂಶದ ಗಿಡಗಳ ಮೇಲೆ ಮೊಟ್ಟೆಯಿಡುವ ಹಳದಿ ಕಪ್ಪು ಬಣ್ಣದ ಒಂದು ಚಿಟ್ಟೆಯಿದೆ. ಅದು ಆ ನೆಲದ ಮೂಲ ನಿವಾಸಿ. ಅದರ ಹುಳುಗಳು ಮೇಯುತ್ತಿದ್ದ ನಾಡಗಿಡಗಳು ಬೇಸಗೆಯಲ್ಲಿ ಒಣಗುತ್ತವೆ. ಬೇಸಾಯಕ್ಕೂ ಮನೆಗಳಿಗೂ ನೆಲ ಹೋದಂತೆ ತಗ್ಗು ಪ್ರದೇಶಗಳಲ್ಲಿ ಅವು ವಿರಳವೂ ಆದವು. ಚಿಟ್ಟೆ ಸೋಂಪಿಗೆ ವಲಸೆ ಬಂತು. ಬೇಸಗೆಯಲ್ಲಿಯೂ ಹಸಿರಾಗಿರುವ ಸೋಂಪಿನಿಂದಾಗಿ ವರ್ಷಕ್ಕೆ ಹಲವು ಪೀಳಿಗೆಗಳನ್ನು ಕಾಣುತ್ತಿದೆ. ಎಷ್ಟೋ ಊರುಗಳಲ್ಲಿ ಇಂದು ಸೋಂಪಿಲ್ಲದಿದ್ದರೆ ಆ ಚಿಟ್ಟೆಯೂ ಇಲ್ಲ. ಹೀಗಿರುವಾಗ ಆಕ್ರಮಣಕಾರಿ ಸಸ್ಯಗಳ ಪಟ್ಟಿಯಲ್ಲಿ ಹೆಸರು ಬರೆದು ಮುಗಿಸಿದರೆ ಲೆಕ್ಕ ಚುಕ್ತಾ ಆಗುವುದೇ? ದ್ವೀಪದಲ್ಲಿ ಸೋಂಪನ್ನು ಹದ್ದಿನಲ್ಲಿಡಬೇಕೆನ್ನುವವರ ವಾದ ನ್ಯಾಯವಾದದ್ದೇ. ಬೇರೆಲ್ಲೂ ಇಲ್ಲದ ಸಸ್ಯಗಳು ಅಲ್ಲಿವೆ. ಆದರೆ ಪಟ್ಟಣದ ಬೇಲಿಯ ಮೇಲಿನ ಸೋಂಪಿಗೂ ಅದೇ ತೀರ್ಪನ್ನು ಓದುವುದು ಅವಸರ ಎಂಬುದು ನನ್ನ ಅಭಿಪ್ರಾಯ. ಯಾವಾಗ ಬಂದೆ ಎಂದು ಕೇಳುವುದರ ಜೊತೆಗೆ, ಈಗ ನಿನ್ನನ್ನು ನಂಬಿ ಯಾರಿದ್ದಾರೆ ಎಂದೂ ಕೇಳಬೇಕಾಗುತ್ತದೆ. ರಾಜ್ಯಗಳ ಗೆರೆ ಎಳೆಯುವ ಮೊದಲೇ ನೆಲಸಿದ್ದು, ಎಳೆದ ಮೇಲೆ ಎಲ್ಲಿಯವರೆಂದು ಕೇಳಿಸಿಕೊಂಡ ನಮಗೆ ಈ ಎರಡು ಪ್ರಶ್ನೆಗಳ ನಡುವಿನ ಅಂತರ ಬೇಗ ತಿಳಿಯುತ್ತದೆ.

ನಮ್ಮ ದೇಶದಲ್ಲಿ ಸೋಂಪು ಬೆಳೆಯ ಗಿಡ. ಗುಜರಾತ, ರಾಜಸ್ಥಾನಗಳ ಹೊಲಗಳದು. ಅಲ್ಲಿಯ ಊಂಝಾ ಪೇಟೆಯಿಂದ ಚೀಲಗಳಲ್ಲಿ ಹೊರಟು ನಮ್ಮ ಅಂಗಡಿಗಳನ್ನು ಸೇರುತ್ತದೆ. ಗಿಡವನ್ನು ಕಾಣಬೇಕೆನ್ನುವವರು ಆ ಚೀಲದ ಕಾಳಿನಿಂದಲೇ ತೊಡಗಬಹುದು. ಹುರಿಯದ, ಸಕ್ಕರೆ ಲೇಪಿಸದ ಒಂದು ಹಿಡಿಯನ್ನು ದಸರೆ ದೀಪಾವಳಿಗಳ ನಡುವೆ, ಬಿಸಿಲು ಬೀಳುವ ನೀರು ನಿಲ್ಲದ ಮಡಿಯಲ್ಲಿ ಬಿತ್ತಬೇಕು. ಪಕ್ಕದ ಮಡಿಯಲ್ಲಿ ಸಬ್ಬಸಿಗೆ. ಮೊದಲ ಕೆಲವು ವಾರ ಯಾವುದು ಯಾವುದೆಂದು ಮನೆಯ ಹಿರಿಯರೂ ಹೇಳಲಾರರು. ಸಬ್ಬಸಿಗೆ ಅವಸರದಲ್ಲಿ ಹೂ ಬಿಟ್ಟು, ಕಾಳು ಕಟ್ಟಿ, ಒಣಗಿ ಹೋಗುತ್ತದೆ. ಸೋಂಪು ನಿಧಾನವಾಗಿ ನೀಲಿ ಬೂದಿ ಬಳಿದುಕೊಂಡು ಮೇಲೇಳುತ್ತದೆ. ಕಾಳು ಕುಯ್ದ ಮೇಲೆ ಬುಡವನ್ನು ಕೀಳದೆ ಬಿಟ್ಟು, ಬೇಸಗೆಯಲ್ಲಿ ಆಗಾಗ ನೀರು ಕೊಟ್ಟರೆ, ಮಳೆಗಾಲದ ಹೊತ್ತಿಗೆ ಒಣ ಕಡ್ಡಿಗಳ ನಡುವೆ ಹೊಸ ಚಿಗುರು ಕಾಣಿಸಿಕೊಳ್ಳಬಹುದು. ಒಂದೆಳೆಯನ್ನು ಚಿವುಟಿ ಮೂಸಿ ನೋಡಿ.